ಗಿಡ್ಡವರು ಮುಂದೆ

ಸೈನ್ಯದ ಕಚೇರಿಯಲ್ಲಿ ಸಿವಿಲಿಯನ್ ಹೆಂಗಸೊಬ್ಬಳು ಎಲ್ಲಿ ಕೂತು ಊಟ ಮಾಡಬೇಕು ಎಂಬುದಕ್ಕೆ ಯಾವ ನಿಯಮವೂ ಇರಲಿಲ್ಲ. ಅಧಿಕಾರಿಗಳಿಗೆ ಅವರ ಮೆಸ್ಸು, ಜವಾನರಿಗೆ ಲಂಗರ್ ಎಂಬ ಅವರ ಊಟದ ಮನೆ, ಗುಮಾಸ್ತರಿಗೆ ಕ್ಯಾಂಟೀನಿನ ಹಿಂದಿನ ತಗಡಿನ ಶೆಡ್ಡು. ಈ ಮೂರಕ್ಕೂ ಸೇರದ ನಾನು ನನ್ನ ಕೋಣೆಯಲ್ಲೇ ಡಬ್ಬಿ ಬಿಚ್ಚುತ್ತಿದ್ದೆ. ಕಟಕ ರೊಟ್ಟಿ ಮುರಿದ ಸದ್ದಿಗೆ ವರಾಂಡದಲ್ಲಿ ಪಹರೆಗಿದ್ದ ಸಂತ್ರಿ ತಿರುಗಿ ನೋಡುತ್ತಿದ್ದ. ಅಷ್ಟು ನಿಶ್ಶಬ್ದವಾಗಿತ್ತು ಆ ಕೋಣೆ.

ಹೈದರಾಬಾದು ಆಗಿನ್ನೂ ಇಡೀ ಆಂಧ್ರಪ್ರದೇಶದ ರಾಜಧಾನಿ. ಬರ್ಕತ್‌ಪುರದ ಬಾಡಿಗೆ ಮನೆಯಿಂದ ಎರಡು ಬಸ್ಸು ಬದಲಿಸಿ ಸಿಕಂದರಾಬಾದಿನ ಆಚೆಗಿದ್ದ ದಂಡಿನ ಪ್ರದೇಶಕ್ಕೆ ಹೋಗುತ್ತಿದ್ದೆ. ಅಲ್ಲಿದ್ದ ದೈಹಿಕ ತರಬೇತಿಯ ಮುಖ್ಯ ಕಚೇರಿಯಲ್ಲಿ ನಾನು ತರಬೇತಿ ವಿಶ್ಲೇಷಕಿ. ರಿಕ್ರೂಟರು, ಅಂದರೆ ಹೊಸದಾಗಿ ಭರ್ತಿಯಾದ ಹುಡುಗರು, ಎಷ್ಟು ವೇಗ ಓಡಿದರು, ಹಗ್ಗ ಎಷ್ಟು ಹತ್ತಿದರು, ಯಾರು ಆಸ್ಪತ್ರೆ ಸೇರಿದರು ಎಂಬುದನ್ನೆಲ್ಲ ಒಟ್ಟುಗೂಡಿಸಿ, ತರಬೇತಿಯಲ್ಲಿ ಎಲ್ಲಿ ಎಡವಟ್ಟಾಗುತ್ತಿದೆ ಎಂದು ಹೇಳುವುದು ನನ್ನ ಕೆಲಸ. ಕೇಳುವವರಿದ್ದರೆ ಹೇಳುವುದು. ಮನೆಯಲ್ಲಿ ನಾನೊಬ್ಬಳೇ. ಮನೆಯೊಡತಿಯ ಜೊತೆ ತೆಲುಗು, ಬಸ್ಸಿನಲ್ಲಿ ಹಿಂದಿ, ಕಚೇರಿಯಲ್ಲಿ ಇಂಗ್ಲಿಷು. ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿದಾಗ ಮಾತ್ರ ಬಾಯಿಂದ ಕನ್ನಡ ಬರುತ್ತಿತ್ತು.

ಆ ಬೇಸಿಗೆಯಲ್ಲಿ ಒಂದು ಪೇಚು ಶುರುವಾಯಿತು. ರಿಕ್ರೂಟರ ಕಾಲು ಕೆಡತೊಡಗಿದವು. ಬಿದ್ದು ಮುರಿದದ್ದಲ್ಲ. ಮೊಣಕಾಲ ಕೆಳಗಿನ ಮೂಳೆಯಲ್ಲಿ, ಕೆಲವರಿಗೆ ಸೊಂಟದ ಹತ್ತಿರ, ಕೂದಲೆಳೆಯಂಥ ಬಿರುಕು. ಒಂದೇ ಜಾಗಕ್ಕೆ ದಿನವೂ ಪೆಟ್ಟು ಬಿದ್ದರೆ ಹೀಗಾಗುತ್ತದೆ, ಪೆಟ್ಟು ಎಲ್ಲಿಂದ ಬರುತ್ತಿದೆಯೋ ನೀವೇ ಹುಡುಕಿ ಎಂದರು ಆಸ್ಪತ್ರೆಯ ಡಾಕ್ಟರು. ನಮ್ಮ ಕಮಾಂಡೆಂಟ್ ಕರ್ನಲ್ ಸಾಹೇಬರು ಆ ಹೊಣೆಯನ್ನು ನನ್ನ ಮೇಜಿಗೆ ತಂದು ಹಾಕಿದರು.

ನಾನು ಮೊದಲು ಬೂಟುಗಳನ್ನು ಅನುಮಾನಿಸಿದೆ. ಹೊಸ ಬೂಟು, ಹಳೆಯ ಬೂಟು ಎಂದು ವಿಂಗಡಿಸಿದರೆ ಏನೂ ಕಾಣಲಿಲ್ಲ. ಊಟ, ತೂಕ, ಊರು, ಹಿಂದೆ ಓಡಿದ ಅಭ್ಯಾಸ ಇತ್ತೋ ಇಲ್ಲವೋ, ಎಲ್ಲದರ ಲೆಕ್ಕ ಹಾಕಿದೆ. ಕಚೇರಿಗೆಲ್ಲ ಸೇರಿ ಇದ್ದದ್ದು ಒಂದೇ ಕಂಪ್ಯೂಟರು. ಕೂಲರಿನ ನೀರು ಆರಿದರೆ ಅದೂ ಬಿಸಿಯೇರಿ ಕೂತುಬಿಡುತ್ತಿತ್ತು. ಕೊನೆಗೆ ಎತ್ತರದ ಪ್ರಕಾರ ಜೋಡಿಸಿದಾಗ ಚಿತ್ರ ಸ್ಪಷ್ಟವಾಯಿತು. ವಾರ್ಡಿನಲ್ಲಿ ಮಲಗಿದವರಲ್ಲಿ ಹೆಚ್ಚಿನವರು ಗಿಡ್ಡವರು.

ಅದನ್ನು ಹೇಳಿದಾಗ ಕರ್ನಲ್ ಸಾಹೇಬರ ಮುಖ ಅರಳಿತು. ಹಾಗಾದರೆ ಸಮಸ್ಯೆ ತರಬೇತಿಯದಲ್ಲ, ಭರ್ತಿಯದು ಎಂದರು. ಇನ್ನು ಮುಂದೆ ಎತ್ತರದ ಮಿತಿ ಏರಿಸಲು ಮೇಲಕ್ಕೆ ಬರೆಯೋಣ, ಈಗ ವಾರ್ಡಿನಲ್ಲಿರುವವರನ್ನು ವೈದ್ಯಕೀಯ ಮಂಡಳಿಯ ಮುಂದಿಟ್ಟು ಅನರ್ಹರೆಂದು ಮನೆಗೆ ಕಳಿಸೋಣ, ನೀವು ವರದಿ ಬರೆದು ಸಹಿ ಹಾಕಿ ಕೊಡಿ. ಯಾರ ಮೂಳೆ ಬಿರಿಯುತ್ತದೆ ಎಂದಷ್ಟೇ ನಾನು ಹೇಳಿದ್ದೆ. ಯಾಕೆ ಎಂದು ಹೇಳಿರಲಿಲ್ಲ. ಯಾಕೆ ಎಂಬುದು ಅವರಿಗೆ ಬೇಕಾಗಿಯೂ ಇರಲಿಲ್ಲ. ನನಗೆ ಕಸಿವಿಸಿಯಾಯಿತು. ಸಹಿ ಹಾಕುವ ಮೊದಲು ಒಮ್ಮೆ ವಾರ್ಡು ನೋಡಿ ಬರುತ್ತೇನೆ ಎಂದೆ.

ಜೊತೆಗೆ ಸುಬೇದಾರರನ್ನು ಕಳಿಸಿದರು. ರಿಕ್ರೂಟರನ್ನು ಓಡಿಸುವ ಉಸ್ತಾದರಿಗೆಲ್ಲ ಇವರೇ ಮೇಲಿನವರು. ಅಥಣಿ ಕಡೆಯವರು, ತಲೆಬಾಗಿಲಿಗೆ ತಲೆ ತಗ್ಗಿಸಿಯೇ ಒಳಗೆ ಬರುವಷ್ಟು ಎತ್ತರದ ಆಳು. ಅವರ ಮಾತೂ ಕನ್ನಡ, ನನ್ನ ಮಾತೂ ಕನ್ನಡ. ಆದರೂ ಇಬ್ಬರ ನಡುವೆ ಅಲ್ಲಿಯವರೆಗೆ “ನಮಸ್ಕಾರ್ರಿ ಮೇಡಮ್” ದಾಟಿ ಒಂದು ಮಾತೂ ಬೆಳೆದಿರಲಿಲ್ಲ. ಆಸ್ಪತ್ರೆ ಸಾಕಷ್ಟು ದೂರ. ಅವರು ಬೆತ್ತ ಕಂಕುಳಲ್ಲಿಟ್ಟು ದಾಪುಗಾಲು ಹಾಕಿದರು. ನಾನು ಐದಡಿಗೆ ಒಂದಿಷ್ಟು ಕಡಿಮೆ ಇರುವವಳು. ಸೀರೆಯ ನಿರಿಗೆ ಹಿಡಿದು ಅರ್ಧ ನಡೆದು ಅರ್ಧ ಓಡಿ ಅವರ ಹಿಂದೆ ಹೋದೆ. ಅವರು ಒಮ್ಮೆಯೂ ತಿರುಗಿ ನೋಡಲಿಲ್ಲ.

ವಾರ್ಡಿನ ಕಿಟಕಿಯ ಪಕ್ಕದ ಮಂಚದಲ್ಲಿ ಸುರಪುರ ಕಡೆಯ ರಿಕ್ರೂಟ್ ಒಬ್ಬನಿದ್ದ. ಅಗಲ ಎದೆ, ಗಿಡ್ಡ ಕಾಲು, ಕಾಲಿಗೆ ಪ್ಲಾಸ್ಟರು. ಮಂಚದ ಪಟ್ಟಿಯಲ್ಲಿ ಊರು ಓದಿ, “ಎಲ್ಲಿ ನೋಯ್ತದಪಾ?” ಎಂದೆ. ಅವನು ದಡಕ್ಕನೆ ಎದ್ದು ಕೂತ.

“ಅಕ್ಕಾರ, ನೀವು ಕನ್ನಡದವ್ರೇನ್ರಿ?”

“ಹ್ಞೂಂ. ನಮ್ಮವರು ಕಲಬುರ್ಗಿ ಕಡೆಯವರು.”

“ನೋವಿನ ಮಾತು ಬಿಡ್ರಿ ಅಕ್ಕಾರ. ಗಿಡ್ಡ ಇದ್ದವ್ರನ್ನ ಮನಿಗಿ ಕಳಸ್ತಾರಂತಲ್ರಿ, ಖರೇನ?”

“ಯಾರು ಹೇಳಿದ್ರು ನಿನಗ?”

“ವಾರ್ಡಿನ್ಯಾಗ ಎಲ್ಲಾರೂ ಅದನ್ನ ಮಾತಾಡಾಕತ್ತಾರ್ರಿ. ಮುಂದಿನ ಭರ್ತಿಗಿ ನನ್ನ ವಯಸ್ಸು ಮುಗೀತೈತ್ರಿ. ಈಗ ಹೋದ್ರ ಮತ್ತ ಬರಾಕ ಆಗಂಗಿಲ್ಲ. ಓಟದಾಗ ನಾ ಒಂದಿನಾನೂ ಹಿಂದ ಬಿದ್ದಿಲ್ರಿ. ಬೇಕಾದ್ರ ಸುಬೇದಾರ್ ಸಾಹೇಬ್ರನ್ನ ಕೇಳ್ರಿ, ಇಲ್ಲೇ ಅದಾರ.”

ಸುಬೇದಾರರು ಕಿಟಕಿಯಾಚೆ ನೋಡುತ್ತ, “ಬಿದ್ದಿಲ್ಲ, ಖರೆ,” ಎಂದರು. ಬಹಳ ದಿನಗಳ ಮೇಲೆ ಒಬ್ಬರು ನನ್ನನ್ನು ಅಕ್ಕ ಎಂದಿದ್ದರು. ಹಾಗೆ ಕರೆದವನ ನೌಕರಿ ತೆಗೆಯುವ ವರದಿಗೆ ನನ್ನ ಸಹಿ ಬೇಕಿತ್ತು.

ಸಂಜೆ ಎರಡನೇ ಬಸ್ಸು ಹತ್ತುವಾಗ ತೊಡೆಯ ಸಂದಿನಲ್ಲಿ ಚಳಕ್ ಎಂದಿತು. ಸುಬೇದಾರರ ಹಿಂದೆ ಹೋಗಿ ಬಂದದ್ದರ ಫಲ ಎಂದು ಅವರನ್ನು ಮನಸ್ಸಿನಲ್ಲೇ ಬೈದುಕೊಂಡು ಕಂಬಿ ಹಿಡಿದು ನಿಂತೆ. ಬಸ್ಸು ಹುಸೇನ್ ಸಾಗರದ ದಂಡೆ ದಾಟುವಷ್ಟರಲ್ಲಿ ಬೈಗುಳ ನಿಂತಿತು, ಯೋಚನೆ ಹತ್ತಿತು. ನಾನು ನಡೆದದ್ದು ನನ್ನ ಹೆಜ್ಜೆಯಲ್ಲ, ಅವರ ಹೆಜ್ಜೆ. ಹುಡುಗರೂ ಹಾಗೇ ಓಡುತ್ತಿರಬಹುದಲ್ಲವೇ?

ಸ್ಕ್ವಾಡು, ಅಂದರೆ ರಿಕ್ರೂಟರ ತಂಡ, ಸಾಲು ಕಟ್ಟುವಾಗ ಉಸ್ತಾದರು ಕೂಗುವ ಆಜ್ಞೆ “ಲಂಬಾ ದಾಹಿನೇ, ಛೋಟಾ ಬಾಯೇ.” ಉದ್ದನೆಯವರು ಬಲಕ್ಕೆ, ಗಿಡ್ಡವರು ಎಡಕ್ಕೆ. ಆಮೇಲೆ ಎಲ್ಲರೂ ಬಲಕ್ಕೆ ತಿರುಗಿದರೆ ಉದ್ದನೆಯವರು ಮುಂದೆ, ಗಿಡ್ಡವರು ಕೊನೆಗೆ. ನೋಡಲು ಅಂದ. ಆದರೆ ಓಡುವಾಗ ಎಲ್ಲರ ಹೆಜ್ಜೆಯೂ ಒಂದಾಗಿ ಬೀಳಬೇಕು. ಮುಂದಿನವರ ಉದ್ದ ಕಾಲು ಎಷ್ಟು ನೆಲ ಅಳೆಯುತ್ತದೋ ಹಿಂದಿನವರ ಗಿಡ್ಡ ಕಾಲೂ ಅಷ್ಟೇ ಅಳೆಯಬೇಕು. ದಿನವೂ, ಬೂಟು ಹಾಕಿ, ಬೆನ್ನಿಗೆ ಚೀಲ ಕಟ್ಟಿಕೊಂಡು.

ಯೋಚನೆಯನ್ನು ಕರ್ನಲ್ ಸಾಹೇಬರ ಮುಂದಿಡಲು ಅಳತೆ ಬೇಕು. ಕೋಠಿ ಬಜಾರಿನಲ್ಲಿ ದರ್ಜಿಗಳ ಟೇಪು ಕೊಂಡೆ. ಮೈದಾನಕ್ಕೆ ಗೆರೆ ಎಳೆಯುವ ಸುಣ್ಣದ ಪುಡಿಯನ್ನು ಸ್ಟೋರಿನಿಂದ ಕೇಳಿ ಪಡೆದು, ಮೊರಂ ಮಣ್ಣಿನ ಹಾದಿಯ ಒಂದು ತುಂಡಿಗೆ ತೆಳ್ಳಗೆ ಉದುರಿಸಿ, ಅದರ ಮೇಲೆ ಸ್ಕ್ವಾಡನ್ನು ಓಡಿಸಿದೆ. ಮುಂದಿನವರ ಹೆಜ್ಜೆ, ಹಿಂದಿನವರ ಹೆಜ್ಜೆ ಎರಡೂ ಒಂದೇ ಅಳತೆ. ಆಮೇಲೆ ಗಿಡ್ಡವರನ್ನು ಒಬ್ಬೊಬ್ಬರನ್ನಾಗಿ ಅವರವರ ಪಾಡಿಗೆ ಓಡಿಸಿದೆ. ಹೆಜ್ಜೆ ಗೇಣುದ್ದ ಕಡಿಮೆಯಾಯಿತು. ನಾನು ಮಂಡಿಯೂರಿ ಟೇಪು ಹಿಡಿಯುವುದನ್ನು ನೋಡಿದ ಗುಮಾಸ್ತರು ನನಗೆ “ರಂಗೋಲಿ ಮೇಡಮ್” ಎಂದು ಹೆಸರಿಟ್ಟರು. ಹೆಸರೇನೋ ಚೆನ್ನಾಗಿತ್ತು, ನನ್ನ ಎದುರಿಗೆ ಹೇಳಿದ್ದರೆ ನಾನೂ ನಗುತ್ತಿದ್ದೆ.

ಗಿಡ್ಡವರು ಮುಂದಿದ್ದರೆ ಎಲ್ಲರೂ ಅವರ ಹೆಜ್ಜೆಗೇ ಓಡುತ್ತಾರೆ ಎಂದೆ. ಕರ್ನಲ್ ಸಾಹೇಬರು ಅರೆಮನಸ್ಸಿನಿಂದ ಒಂದು ಕಂಪನಿಯನ್ನು, ಅಂದರೆ ಕೆಲವು ಸ್ಕ್ವಾಡುಗಳ ಒಂದು ದಳವನ್ನು, ಪ್ರಯೋಗಕ್ಕೆ ಕೊಟ್ಟರು. ವೈದ್ಯಕೀಯ ಮಂಡಳಿ ಕೂರುವವರೆಗೆ ಆ ಕಂಪನಿ ಗಿಡ್ಡವರನ್ನು ಮುಂದಿಟ್ಟುಕೊಂಡು ಓಡಬೇಕು, ಉಳಿದ ಕಂಪನಿಗಳು ಎಂದಿನಂತೆ. ಗುಣ ಕಂಡರೆ ವಾರ್ಡಿನವರು ಉಳಿಯುತ್ತಾರೆ, ಇಲ್ಲದಿದ್ದರೆ ಹಳೆಯ ವರದಿಗೆ ನನ್ನ ಸಹಿ. ಆಜ್ಞೆ ಕೇಳಿದ ಸುಬೇದಾರರು “ಆತ್ರಿ” ಎಂದರು. ಅವರ ಮುಖದಲ್ಲಿ ಏನೂ ಓದಲಾಗಲಿಲ್ಲ.

ಗುಣ ಕಾಣಲಿಲ್ಲ. ವಾರ ಕಳೆದಂತೆ ಪ್ರಯೋಗದ ಕಂಪನಿಯಿಂದಲೂ ಹುಡುಗರು ಕುಂಟುತ್ತ ಬಂದು ವಾರ್ಡು ಸೇರಿದರು, ಅವರಲ್ಲೂ ಗಿಡ್ಡವರೇ ಹೆಚ್ಚು. ನಾನು ಲೆಕ್ಕ ಮತ್ತೆ ಮತ್ತೆ ನೋಡಿದೆ. ಇಂಥ ಹೊತ್ತಿನಲ್ಲಿ ಎದುರಿಗೆ ಕೂತು “ಇಲ್ಲಿ ತಪ್ಪಿದ್ದೀಯ ನೋಡು” ಎನ್ನುವ ಒಬ್ಬರು ಇದ್ದರೂ ಸಾಕು ಅನಿಸುತ್ತದೆ. ನನ್ನ ಎದುರಿನ ಕುರ್ಚಿಯಲ್ಲಿ ಫೈಲುಗಳು ಕೂತಿದ್ದವು. ಭಾನುವಾರವಿಡೀ ಮನೆಯಲ್ಲಿ ಯಾರೊಂದಿಗೂ ಮಾತಾಡದೆ ಕಳೆದೆ, ಸೋಮವಾರ ಬಸ್ಸಿನಲ್ಲಿ ಟಿಕೆಟು ಕೇಳಿದಾಗ ದನಿಯೇ ಗೊರಗೊರ ಎಂದಿತು.

ನನಗೊಂದು ವಿಷಯ ಹೊಳೆಯಿತು. ಆ ಓಟವನ್ನು ನಾನು ಪೂರ್ತಿ ನೋಡಿಯೇ ಇರಲಿಲ್ಲ. ನಾನು ಕಚೇರಿಗೆ ಬರುವ ಹೊತ್ತಿಗೆ ಓಟ ಮುಗಿದಿರುತ್ತಿತ್ತು. ಸುಣ್ಣ ಉದುರಿಸಿದ್ದೂ ಮೈದಾನದ ತುಂಡಿನಲ್ಲಿ, ನನ್ನ ವೇಳೆಗೆ. ಮರುದಿನ ಮೊದಲ ಬಸ್ಸು ಹಿಡಿದು ಬಂದು, ಕ್ವಾರ್ಟರ್ ಗಾರ್ಡಿನ ಎದುರು ಬೇವಿನ ಮರದ ಕೆಳಗೆ ನಿಂತೆ. ಕ್ವಾರ್ಟರ್ ಗಾರ್ಡ್ ಎಂದರೆ ದಂಡಿನ ನಿಶಾನೆಯನ್ನೂ ಆಯುಧಗಳನ್ನೂ ಕಾಯುವ ಪಹರೆಯ ಕಟ್ಟಡ. ಅದರ ಮುಂದೆ ಹಾಯುವಾಗ ಎಂಥ ಸೋಮಾರಿಯೂ ಎದೆ ಸೆಟೆಸುತ್ತಾನೆ. ಮೈದಾನದಿಂದ ಹೊರಟ ಓಟ ಅದನ್ನು ದಾಟಿ, ನೀರಿನ ಟ್ಯಾಂಕು ಸುತ್ತಿ, ಹಿಂದಿನ ರಸ್ತೆಯಿಂದ ಮರಳಬೇಕು.

ಪ್ರಯೋಗದ ಕಂಪನಿ ಬಂತು, ಗಿಡ್ಡವರೇ ಮುಂದೆ. ನನಗೆ ಸಮಾಧಾನವಾಯಿತು. ಆದರೆ ಕ್ವಾರ್ಟರ್ ಗಾರ್ಡಿನ ತಿರುವಿಗಿಂತ ಸ್ವಲ್ಪ ಮೊದಲೇ ಉಸ್ತಾದ “ಥಮ್” ಎಂದು ಕೂಗಿದ. ಸ್ಕ್ವಾಡು ನಿಂತಿತು. ಉದ್ದನೆಯವರು ಪಕ್ಕದಿಂದ ಮುಂದಕ್ಕೆ ಓಡಿಬಂದರು, ಗಿಡ್ಡವರು ಹಿಂದಕ್ಕೆ ಸರಿದರು. ಎಲ್ಲರಿಗೂ ರೂಢಿಯಾಗಿದ್ದ ಕೆಲಸ, ಕಣ್ಣು ಮಿಟುಕಿಸುವುದರಲ್ಲಿ ಮುಗಿಯಿತು. ಮತ್ತೆ ಓಟ ಶುರು. ನಾನು ಅಡ್ಡದಾರಿಯಲ್ಲಿ ಮೈದಾನದ ಹಿಂಬಾಗಿಲಿಗೆ ಹೋಗಿ ನಿಂತೆ. ಸ್ಕ್ವಾಡು ಹಾಗೇ ಟ್ಯಾಂಕು ಸುತ್ತಿ ಅಲ್ಲಿಗೆ ಬಂದ ಮೇಲೆ ಗಿಡ್ಡವರು ಪುನಃ ಮುಂದೆ ಬಂದರು.

ಸುಬೇದಾರರು ಅಲ್ಲೇ ಸೈಕಲ್ ಹಿಡಿದು ನಿಂತಿದ್ದರು. ನನ್ನನ್ನು ಕಂಡು ಅಡಗಲೂ ಇಲ್ಲ, ಅಳುಕಲೂ ಇಲ್ಲ.

“ಸಾಹೇಬ್ರ, ಇದೇನ್ರಿ? ಗಿಡ್ಡವರು ಮುಂದ ಇರಬೇಕಿತ್ತಲ್ರಿ?”

“ಅದಾರಲ್ರಿ, ಮೈದಾನದಾಗ.”

“ಓಟ ಎಲ್ಲಾ ಇತ್ಲಾಗಿಂದು ಐತಿ.”

“ಕ್ವಾರ್ಟರ್ ಗಾರ್ಡ್ ಮುಂದ ಗಿಡ್ಡವ್ರನ್ನ ಮುಂದ ಹಾಕ್ಕೊಂಡು ಹ್ಯಾಂಗ ಹೋಗೂದ್ರಿ ಮೇಡಮ್? ಬ್ಯಾರೆ ಕಂಪನಿಯವ್ರು ನಗೂದಿಲ್ಲೇನು? ಸ್ಕ್ವಾಡಿಗೂ ಒಂದು ಮಾನ ಐತಿ. ಉಸ್ತಾದರಿಗೆ ನಾನ ಹೇಳೀನಿ. ನಿಮಗ ಬರಕೊಳ್ಳೂದಿದ್ರ ನನ್ನ ಹೆಸರು ಬರಕೋರಿ.”

ಸಿಟ್ಟು ನೆತ್ತಿಗೇರಿತು. ಒಬ್ಬ ಹುಡುಗ ಮನೆಗೆ ಹೋಗುವ ಭಯದಲ್ಲಿ ಮಲಗಿದ್ದಾನೆ, ಇವರಿಗೆ ಸ್ಕ್ವಾಡಿನ ಅಂದದ ಚಿಂತೆ! ಆದರೆ ಅವರು ಸುಳ್ಳು ಹೇಳಿರಲಿಲ್ಲ, ಮೋಸ ಮಾಡುತ್ತಿದ್ದೇವೆ ಎಂದೂ ಅವರಿಗೆ ಅನಿಸಿರಲಿಲ್ಲ. ಪ್ರಯೋಗ ಮೈದಾನದ ಮಾತು, ಕ್ವಾರ್ಟರ್ ಗಾರ್ಡು ಮರ್ಯಾದೆಯ ಮಾತು. ಅವರ ಪಾಲಿಗೆ ಅವೆರಡಕ್ಕೆ ಸಂಬಂಧವೇ ಇರಲಿಲ್ಲ.

ಅಂದೇ ಕರ್ನಲ್ ಸಾಹೇಬರು ಕರೆಸಿ, ಟೈಪ್ ಮಾಡಿಸಿಟ್ಟಿದ್ದ ಹಳೆಯ ವರದಿಯನ್ನು ಮುಂದಿಟ್ಟರು, ಪೆನ್ನೂ ಇಟ್ಟರು. ಕಂಡದ್ದನ್ನು ಹೇಳಿದ್ದರೆ ಸುಬೇದಾರರಿಗೆ ಶಿಕ್ಷೆಯಾಗುತ್ತಿತ್ತು. ಅವರ ಜಾಗಕ್ಕೆ ಬಂದವರು ಅದನ್ನೇ ನನ್ನ ಕಣ್ಣಿಗೆ ಬೀಳದ ತಿರುವಿನಲ್ಲಿ ಮಾಡುತ್ತಿದ್ದರು. ಆ ಹಾದಿ ಹಿಡಿಯಬಾರದೆಂದು ಅಲ್ಲೇ ನಿಂತಲ್ಲೇ ನಿರ್ಧರಿಸಿದೆ. ಪ್ರಯೋಗ ಇನ್ನೂ ಸರಿಯಾಗಿ ನಡೆದಿಲ್ಲ, ಇದಕ್ಕೆ ನಾನು ಸಹಿ ಹಾಕುವುದಿಲ್ಲ, ಮಂಡಳಿ ಕೂರುವವರೆಗೆ ದಿನವೂ ಬೆಳಿಗ್ಗೆ ನಾನೇ ಹೋಗಿ ನಿಲ್ಲುತ್ತೇನೆ ಎಂದೆ. ನಿಮ್ಮ ನೌಕರಿಯ ಕರಾರು ಮುಂದುವರಿಸುವ ಫೈಲೂ ನನ್ನ ಮೇಜಿನ ಮೇಲೇ ಇದೆ ಎಂದು ಅವರು ಮೆಲ್ಲಗೆ ನೆನಪಿಸಿದರು. ಗೊತ್ತಿದೆ ಎಂದು ಹೇಳಿ ಹೊರಗೆ ಬಂದೆ.

ಸುಬೇದಾರರನ್ನು ಹುಡುಕಿ ಹೋದೆ. “ಸಾಹೇಬ್ರ, ನಾನು ಯಾರಿಗೂ ಏನೂ ಹೇಳಿಲ್ರಿ. ನನಗ ಒಂದು ಉಪಕಾರ ಮಾಡ್ರಿ. ಭಾನುವಾರ ಮೈದಾನಕ್ಕ ಬಂದು ಸ್ವಲ್ಪ ಓಡ್ರಿ. ಚೀಲ ಬ್ಯಾಡ, ಏನೂ ಬ್ಯಾಡ. ನಾ ಗೆರಿ ಹಾಕಿರ್ತೀನಿ, ಆ ಗೆರಿ ಮ್ಯಾಲ ಕಾಲು ಬೀಳಬೇಕು ಅಷ್ಟ.”

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಓಡೂದು ನನಗೇನು ಹೊಸಾದೇನ್ರಿ?” ಎಂದರು. ನಗುತ್ತಿದ್ದರೆಂದು ಕಾಣುತ್ತದೆ, ಮೀಸೆಯಡಿ ತಿಳಿಯಲಿಲ್ಲ.

ಅಂದು ಸ್ಕ್ವಾಡಿನ ಪಕ್ಕದಲ್ಲಿ ಓಡಿದ್ದ ಅವರ ಸ್ವಂತ ಹೆಜ್ಜೆಯ ಅಳತೆ ಸುಣ್ಣದ ಹಾದಿಯಲ್ಲೇ ಸಿಕ್ಕಿತ್ತು. ಸ್ಕ್ವಾಡಿನ ಹೆಜ್ಜೆ ಸುರಪುರದವನಷ್ಟೇ ಎತ್ತರದ ಹುಡುಗರ ಕಾಲಿಗೆ ಎಷ್ಟು ಪಾಲು ಹೆಚ್ಚೋ ಅಷ್ಟೇ ಪಾಲನ್ನು ಸುಬೇದಾರರ ಹೆಜ್ಜೆಗೆ ಕೂಡಿಸಿ, ಭಾನುವಾರ ಬೆಳಿಗ್ಗೆ ಮೈದಾನದ ಸುತ್ತ ಗೆರೆ ಎಳೆದೆ. ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಯಿತು. ಖಾಲಿ ಮೈದಾನ, ನೆತ್ತಿಯ ಮೇಲೆ ಬಿಸಿಲು, ಕೈತುಂಬ ಸುಣ್ಣ. ನಿಜಕ್ಕೂ ರಂಗೋಲಿ ಮೇಡಮ್ಮೇ ಆಗಿದ್ದೆ.

ಸುಬೇದಾರರು ಬಂದು ಬೆತ್ತವನ್ನು ಮರಕ್ಕೆ ಒರಗಿಸಿ ಓಡಲು ನಿಂತರು. ಹೆಜ್ಜೆಯ ತಾಳಕ್ಕೆ ನಾನು ಸೀಟಿ ಊದಬೇಕು. ಮೊದಲು ಗಾಳಿ ಮಾತ್ರ ಬಂತು, ಆಮೇಲೆ ಸದ್ದು ಬಂತು. ಮೊದಲ ಸುತ್ತು ಅವರು ಜಿಂಕೆಯಂತೆ ಹಾರಿದರು. ಆಮೇಲಿನ ಸುತ್ತಿನಲ್ಲಿ ಹಿಮ್ಮಡಿ ಧಪ್ ಧಪ್ ಎಂದು ನೆಲಕ್ಕೆ ಅಪ್ಪಳಿಸುವುದು ದೂರದವರೆಗೆ ಕೇಳತೊಡಗಿತು. ಅದರಾಚೆಗೆ ಗೆರೆ ಮುಟ್ಟಲು ಸೊಂಟವನ್ನೇ ಎಸೆದು ಓಡಿದರು. ನಿಲ್ಲುವ ಆಳಲ್ಲ, ನಿಲ್ಲಲಿಲ್ಲ. ನಾನೇ ಸೀಟಿ ನಿಲ್ಲಿಸಿದೆ. ಅವರು ಮೊಣಕಾಲ ಕೆಳಗಿನ ಮೂಳೆಯನ್ನು ಹೆಬ್ಬೆರಳಿನಿಂದ ಒತ್ತಿಕೊಳ್ಳುತ್ತ ಬಗ್ಗಿ ನಿಂತಿದ್ದರು.

“ನೀವು ಬರೇ ಇಷ್ಟು ಓಡೀರಿ ಸಾಹೇಬ್ರ. ಆ ಹುಡುಗ್ರು ದಿನಾ ಓಡ್ತಾರ, ಚೀಲ ಹೊತ್ಕೊಂಡು. ಅಷ್ಟಾದ್ರೂ ಆ ಸುರಪುರದಂವ ಎಂದೂ ಹಿಂದ ಬಿದ್ದಿಲ್ಲಂತ ನೀವ ಹೇಳೀರಿ.”

ಅವರು ಮೂಳೆಯಿಂದ ಕೈ ತೆಗೆದು ನೆಟ್ಟಗಾದರು. ಬೆತ್ತ ತೆಗೆದುಕೊಂಡು ಹೊರಟುಹೋದರು. ಎಲ್ಲ ಮುಗಿಯಿತೆಂದುಕೊಂಡು ಸುಣ್ಣದ ಬುಟ್ಟಿ ತೊಳೆದಿಟ್ಟು ನಾನೂ ಬಸ್ಸು ಹಿಡಿದೆ.

ಮರುದಿನ ಬೇವಿನ ಮರದ ಕೆಳಗೆ ಹೋಗಿ ನಿಂತೆ. ಹೇಳಿದ ಮೇಲೆ ನಿಲ್ಲಬೇಕಿತ್ತು, ಅಷ್ಟೇ. ಕಂಪನಿ ಬಂತು, ಗಿಡ್ಡವರೇ ಮುಂದೆ. ತಿರುವು ಸಮೀಪಿಸಿತು. “ಥಮ್” ಎಂಬ ಕೂಗಿಗೆ ಕಾದೆ. ಕೂಗು ಬರಲಿಲ್ಲ. ಗಿಡ್ಡವರ ಮೊದಲ ಸಾಲಿಗಿಂತಲೂ ಮುಂದೆ ಸುಬೇದಾರರು ತಾವೇ ಓಡುತ್ತಿದ್ದರು. ಆ ಎತ್ತರದ ಆಳು ಹೆಜ್ಜೆ ಚಿಕ್ಕದು ಮಾಡಿ, ಕತ್ತು ಸೆಟೆಸಿ, ಕಣ್ಣು ನೇರ ನೆಟ್ಟು ಕ್ವಾರ್ಟರ್ ಗಾರ್ಡಿನ ಮುಂದೆ ಹಾದುಹೋದರು. ಎದುರಿನಿಂದ ಬರುತ್ತಿದ್ದ ಇನ್ನೊಂದು ಕಂಪನಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸುಬೇದಾರರ ಕಿವಿ ಕೆಂಪಾಯಿತು. ಸ್ಕ್ವಾಡು ನಿಲ್ಲಲಿಲ್ಲ, ಹಾಗೇ ಟ್ಯಾಂಕಿನ ಕಡೆ ತಿರುಗಿತು.

ಅಲ್ಲಿಂದ ದಿನವೂ ಅದೇ ಕ್ರಮ. ನಾನು ಮರದ ಕೆಳಗೆ, ಅವರು ಸ್ಕ್ವಾಡಿನ ಮುಂದೆ. ನಮಸ್ಕಾರವೂ ಇಲ್ಲ. ಮಂಡಳಿ ಕೂರುವ ಹೊತ್ತಿಗೆ ಆ ಕಂಪನಿಯಿಂದ ಹೊಸದಾಗಿ ವಾರ್ಡಿಗೆ ಬರುವವರು ನಿಂತೇಹೋಗಿದ್ದರು, ಉಳಿದ ಕಂಪನಿಗಳಿಂದ ಬರುತ್ತಲೇ ಇದ್ದರು. ನಾನು ಬೇರೆ ವರದಿ ಬರೆದೆ. ಈ ಸಲ ಅದರಲ್ಲಿ ಯಾಕೆ ಎಂಬುದಿತ್ತು. ಕರ್ನಲ್ ಸಾಹೇಬರು ಎರಡು ಸಲ ಓದಿ ಮೇಲಕ್ಕೆ ಕಳಿಸಿದರು. ವಾರ್ಡಿನವರನ್ನು ಮನೆಗೆ ಕಳಿಸಲಿಲ್ಲ. ಮೂಳೆ ಕೂಡಿದ ಮೇಲೆ ಮುಂದಿನ ತಂಡದ ಜೊತೆ ತರಬೇತಿ ಮುಗಿಸಲಿ ಎಂದು ಮಂಡಳಿ ಬರೆಯಿತು.

ಗಿಡ್ಡವರು ಮುಂದೆ ಎಂಬ ಆಜ್ಞೆ ಅಚ್ಚಾಗಿ ಎಲ್ಲ ತರಬೇತಿ ಕೇಂದ್ರಗಳಿಗೂ ಹೋಯಿತು. ಅದರಲ್ಲಿ ಮುಖ್ಯ ಕಚೇರಿಯ ಹೆಸರಿತ್ತು, ನನ್ನದಿರಲಿಲ್ಲ. ಇರುವುದಿಲ್ಲವೆಂದು ಮೊದಲೇ ಗೊತ್ತಿತ್ತು, ಆದರೂ ಬೇಜಾರಾಯಿತು. ಅಂದು ಡಬ್ಬಿಯಲ್ಲಿದ್ದ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟೆ.

ಮಳೆಗಾಲ ಮುಗಿಯುವಾಗ ಸುರಪುರದವನನ್ನು ಓಟದಲ್ಲಿ ಕಂಡೆ. ಮೊದಲ ಸಾಲಿನಲ್ಲೇ ಇದ್ದ. ಸಾಲಿನಲ್ಲಿ ಓಡುವವನು ಅತ್ತಿತ್ತ ನೋಡುವಂತಿಲ್ಲ, ನಗುವಂತಿಲ್ಲ. ಅವನೂ ನೋಡಲಿಲ್ಲ, ನನ್ನ ಎದುರಿಗೇ ಹಾದು ಹೋದ. ಓಟ ಚೆನ್ನಾಗಿತ್ತು, ಕಾಲು ಹಗುರಾಗಿ ಬೀಳುತ್ತಿತ್ತು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಹೇಳಿಕೊಳ್ಳೋಣವೆಂದರೆ ಬೇವಿನ ಮರದ ಕೆಳಗೆ ಯಾರೂ ಇರಲಿಲ್ಲ.

ಆಮೇಲೊಂದು ದಿನ ಮತ್ತೆ ಆಸ್ಪತ್ರೆಗೆ ಹೋಗುವ ಕೆಲಸ ಬಂತು, ಮತ್ತೆ ಸುಬೇದಾರರೇ ಜೊತೆಗೆ. ಹಾದಿಯಲ್ಲಿ ಬೇರೆ ಕೇಂದ್ರಗಳ ಲೆಕ್ಕದ ಬಗ್ಗೆ ನಾನು ಏನೋ ವಿವರಿಸುತ್ತಿದ್ದೆ. ಅರ್ಧ ದಾರಿ ದಾಟಿದ ಮೇಲೆ ನನಗೆ ಏದುಸಿರು ಬಂದಿಲ್ಲವೆಂಬುದು ಗಮನಕ್ಕೆ ಬಂತು. ನಿರಿಗೆಯೂ ಕೈಯಲ್ಲಿರಲಿಲ್ಲ. ಕೆಳಗೆ ನೋಡಿದೆ. ಅವರ ಬೂಟೂ ನನ್ನ ಚಪ್ಪಲಿಯೂ ಜೊತೆಜೊತೆಗೇ ಬೀಳುತ್ತಿದ್ದವು. ಬಿಗಿ ಧೋತ್ರ ಉಟ್ಟವರ ಹಾಗೆ ಅವರು ತಡವರಿಸಿ ತಡವರಿಸಿ ಕಾಲು ಇಡುತ್ತಿದ್ದರು.

“ಕಾಲು ನೋಯಾಕತ್ತೈತೇನ್ರಿ ಸಾಹೇಬ್ರ?” ಎಂದೆ.

“ಇಲ್ರಿ ಬಾಯಾರ. ಸಣ್ಣ ಹೆಜ್ಜಿ ಹಾಕಿ ರೂಢಿ ಇಲ್ಲ ನೋಡ್ರಿ, ಭಾಳ ತ್ರಾಸ ಆಗತೈತಿ. ನೀವು ಮಾತು ಮುಂದುವರಸ್ರಿ.”

ಮೇಡಮ್ ಹೋಗಿ, ನಮ್ಮ ಕಡೆ ಹೆಂಗಸರನ್ನು ಕರೆಯುವ ಬಾಯಾರ ಬಂದಿತ್ತು. ಆಸ್ಪತ್ರೆಯ ಗೇಟು ಕಾಣಿಸುತ್ತಿತ್ತು. ನಾನು ಬೇಕೆಂದೇ ಇನ್ನಷ್ಟು ನಿಧಾನವಾಗಿ ನಡೆದೆ.